ಸಿಟ್ಟಿಗೆ ಸಂಬಳ

ಅಕ್ಕಾ, ಬಂದು ಸೇರಿದೆ. ಕೆಲಸ ಸಿಕ್ಕಿದ್ದು ಕಾಲೇಜಲ್ಲಿ, ಗಿಡಗಳ ಪಾಠ ಹೇಳೋ ಕಡೆ. ನಕ್ಕರೆ ಇದೇ ಕೊನೇ ಕಾರ್ಡು. ಇಲ್ಲಿ ಓದೋರು ಮುಂದೆ ಬೆಳೆಗಾರರಿಗೆ ಗಿಡದ ರೋಗ ನೋಡಿ ಹೇಳೋ ಕೆಲಸಕ್ಕೆ ಹೋಗ್ತಾರೆ. ಅದಕ್ಕೆ ಪರೀಕ್ಷೇಲಿ ನಾನು ಬಾಡಿದ ಬದನೆಗಿಡ ತಂದು ಮೇಜಿನ ಮೇಲೆ ಕುಕ್ಕಿ, ಬೆಳೆ ಹಾಳಾದೋನ ಹಾಗೆ ಕೂಗಾಡಬೇಕು. ಅವರು ರೋಗಾನೂ ಹೇಳಬೇಕು, ನನ್ನನ್ನೂ ತಣ್ಣಗೆ ಮಾಡಬೇಕು. ಯಾವ ಸಿಟ್ಟಿಗೆ ನನ್ನನ್ನ ಸ್ಕೂಲಿಂದ ಓಡಿಸಿದ್ರೋ ಅದಕ್ಕೇ ಇಲ್ಲಿ ಸಂಬಳ. "ಹೋದ ವರ್ಷ ನಾಟಕದವನನ್ನ ಕರೆಸಿದ್ವಿ, ನಿನ್ನಷ್ಟು ಸಲೀಸಾಗಿ ಬೈಯೋಕೆ ಬರ್ಲಿಲ್ಲಪ್ಪ" ಅಂದ್ರು ಪರೀಕ್ಷೆ ನಡೆಸೋ ಮೇಡಂ.

ನಿನ್ನೆ ಪರೀಕ್ಷೆಗೆ ಬಂದ ಹುಡುಗಿ ಒಬ್ಬಳು ಎಲ್ಲಾ ಕೆಡಿಸಿದ್ಲು. ಗಿಡದ ಕಡೆ ತಿರುಗಿಯೂ ನೋಡದೆ, "ಕೂತ್ಕೊಳ್ಳಿ ಅಣ್ಣಾ, ಊಟ ಆಯ್ತಾ?" ಅಂದ್ಲು. ಆಗಿರಲಿಲ್ಲ ಅಕ್ಕಾ. ಬೈಯೋದು ಬಿಟ್ಟು ಕೂತೇಬಿಟ್ಟೆ. ಅವಳಿಗೆ ಪೂರ್ತಿ ಮಾರ್ಕ್ಸು. ಈಗ ಇಡೀ ಕ್ಲಾಸು ಊಟ ಆಯ್ತಾ ಅಂತಾನೇ ಶುರು ಮಾಡತ್ತೆ, ನನಗೆ ಸಿಟ್ಟೇ ಬರ್ತಿಲ್ಲ. ಹೀಗೇ ಆದ್ರೆ ಬೇರೆಯವನನ್ನ ಹುಡುಕ್ತೀನಿ ಅಂದಿದಾರೆ ಮೇಡಂ.

ಗಂಟಲು ಕೆಟ್ಟಿದೆ, ಉಪ್ಪುನೀರು ಮುಕ್ಕಳಿಸ್ತಿದೀನಿ. ಜಾಗ ಮುಗೀತು. ಅಪ್ಪನ ಕೈಲಿ ನನ್ನ ಬಗ್ಗೆ ಎರಡು ಸಾಲು ಬರೆಸಿ ಬೇಗ ಕಳಿಸು. ಏನೂ ಹೇಳಿಕೊಡಬೇಡ, ಮನಸಲ್ಲಿರೋದನ್ನೇ ಬರೀಲಿ. ಆ ಸಿಟ್ಟು ಪರೀಕ್ಷೆ ಮುಗಿಯೋವರೆಗೂ ಸಾಕಾಗತ್ತೆ.

ನಿನ್ನ ತಮ್ಮ