ಮೂರನೆಯ ಔಷಧ

೩-೧೧-೮೬, ಸೋಮವಾರ

ಮೊದಲ ಶಿಫ್ಟ್. ಬಿದಿರಿನ ಪುಡಿ ಕಿವಿಯೊಳಗೂ ಹೋಗಿತ್ತು. ಮನೆಗೆ ಬಂದು ತಲೆ ತೊಳೆಯುವಷ್ಟರಲ್ಲಿ ಸೋನುಬಾಯಿ. ಹಳಿಯಾಳ ಬಸ್ಸಿಗೆ ಒಬ್ಬಳೇ ಬಂದಿದ್ದಾಳೆ. ಎದೆಯ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ. ಎಡಗೈ ಎತ್ತಲು ಬರುವುದಿಲ್ಲ. ಆದರೂ ಒಳಗೆ ಬಂದವಳೇ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

“ಭಾವಜೀ, ಇದೇನ ಅನ್ನ ಮಾಡೀರೋ, ಮಿಲ್ಲಿನಿಂದ ಕಾಗದದ ಹಿಟ್ಟು ತಂದೀರೋ?”

ನಕ್ಕಳು. ಅದೇ ನಗು. ಹೆಂಡತಿ ಇಜಾಬೆಲ್ ಹೋಗಿ ಒಂದೂವರೆ ವರ್ಷ... ಅವಳ ಈ ತಂಗಿ ನಕ್ಕರೆ ನಾನು ಬೇರೆ ಕಡೆ ನೋಡುತ್ತೇನೆ.

ಗುರುವಾರ ಹುಬ್ಬಳ್ಳಿಯಲ್ಲಿ ಇಂಜೆಕ್ಷನ್ ಶುರುವಂತೆ. ವಾರಕ್ಕೆ ಇನ್ನೊಂದು. ಕೇಳಲು ಬಂದದ್ದು ಅದನ್ನೇ. “ಅಕ್ಕಗ ಹೊಟ್ಟೀ ಕ್ಯಾನ್ಸರಿಗೆ ಅಲ್ಲೇ ಕೊಟ್ಟಿದ್ರಲ್ಲಾ. ಭಾಳ ತ್ರಾಸ ಆಗಿತ್ತೇನ್ರಿ?”

ಚೀಟಿ ತೋರಿಸಿದಳು. ಮೂರು ಔಷಧದ ಹೆಸರು. ನನ್ನದು ಏಳನೇ ಇಯತ್ತೆಯ ಇಂಗ್ಲಿಷು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೊದಲೆರಡು ಗೊತ್ತಿಲ್ಲ. ಮೂರನೆಯದು ಗೊತ್ತು. ಫ್ಲೋರೋಯುರಾಸಿಲ್. ಇಜಾಬೆಲ್ಲಳ ಚೀಟಿಯಲ್ಲಿ ಅದೊಂದೇ ಇತ್ತು.

“ಸೂಜಿ ಚುಚ್ಚತಾರ. ಅಷ್ಟ,” ಅಂದೆ.

೫-೧೧, ಬುಧವಾರ

ಇಲ್ಲಾದರೂ ಬರೆಯುತ್ತೇನೆ. ಮೊದಲ ಇಂಜೆಕ್ಷನ್ ಆದ ನಾಲ್ಕನೇ ದಿನ ಇಜಾಬೆಲ್ಲಳ ಬಾಯಿ ಸುಲಿಯಿತು. ನೀರು ಕುಡಿದರೂ ಅಳುತ್ತಿದ್ದಳು. ಭೇದಿ ನಿಲ್ಲಲಿಲ್ಲ. ಎರಡನೆಯದು ಬೇಡ ಅಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನೇ ಕೈ ಬಿಡಿಸಿ ಬಸ್ಸು ಹತ್ತಿಸಿದೆ. ಅದಾದ ಐದು ದಿನಕ್ಕೆ ಹೋದಳು.

ರೋಗ ಏರಿತು ಅಂತ ಡಾಕ್ಟರು ಅಂದರು. ತವರಿನವರಿಗೆ ನಾನೂ ಅದನ್ನೇ ಹೇಳಿದೆ. ಅತ್ತೆ ಬರುವ ಮೊದಲೇ ಶವಪೆಟ್ಟಿಗೆ ಮುಚ್ಚಿಸಿದ್ದೆ. ಬಾಯಿ ಯಾರೂ ನೋಡಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ಮೂರು ಮಂಚದಾಚೆಯ ಹೆಂಗಸು ಅದೇ ಔಷಧ ತಗೊಂಡು ಮನೆಗೆ ನಡೆದುಕೊಂಡು ಹೋದಳು. ಕಣ್ಣಾರೆ ಕಂಡಿದ್ದೇನೆ. ಹಾಗಿದ್ದರೆ ಔಷಧದ ತಪ್ಪು ಹೇಗೆ?

ಸೋನುಗೆ ಹೇಳಬೇಕು. ಹೇಳಿದರೆ ಕೈ ಬಿಡಿಸಿದ್ದನ್ನೂ ಹೇಳಬೇಕು.

೬-೧೧, ಗುರುವಾರ

ಇವತ್ತು ಚುಚ್ಚಿರುತ್ತಾರೆ. ಹುಬ್ಬಳ್ಳಿಗೆ ಹೋಗಲು ಶಿಫ್ಟ್ ಬದಲಿ ಕೇಳಬಹುದಿತ್ತು. ಜೊತೆ ಕೆಲಸದ ಚನಬಸಪ್ಪ ಎಂದೂ ಇಲ್ಲ ಅನ್ನುವವನಲ್ಲ. ಕೇಳಲಿಲ್ಲ.

೧೧-೧೧, ಮಂಗಳವಾರ

ಮಿಲ್ಲಿನ ಗೇಟಿನ ಹತ್ತಿರ ಪರಸಪ್ಪ ನಿಂತಿದ್ದ. ಸೋನುವಿನ ಗಂಡ. ಕಬ್ಬು ಕಡಿಯುವುದು ಬಿಟ್ಟು ಬಂದಿದ್ದಾನೆ, ಕೈ ತುಂಬ ಗೀರು.

“ಬಾಯಿ ತುಂಬ ಹುಣ್ಣು. ನಿನ್ನೀಯಿಂದ ಗಂಜಿ ಸೈತ ಇಳಿವಲ್ದು. ಗುರುವಾರ ಎರಡನೇ ಇಂಜೆಕ್ಷನ್ ಐತಿ, ಬ್ಯಾಡ ಅಂತ ಹಟಾ ಹಿಡದಾಳ. ನೀವ್ ಬಂದು ಒಂದ ಮಾತು ಹೇಳ್ರಿ ಪಾವ್ಲಣ್ಣಾ. ನಿಮ್ಮ ಮಾತು ಕೇಳ್ತಾಳ. ಅಕ್ಕನ್ನೂ ನೀವ ಒಪ್ಪಿಸಿದ್ರಲ್ಲಾ.”

ಒಪ್ಪಿಸಿದ್ದೆ. ಹೌದು.

೧೨-೧೧, ಬುಧವಾರ

ಹಳಿಯಾಳದಲ್ಲಿ ಇಳಿದು ಎರಡು ಮೈಲಿ ನಡೆದೆ. ಸೋನು ಗೋಡೆಗೆ ಒರಗಿ ಕೂತಿದ್ದಳು. ಬಾಯಿ ತೆರೆದು ತೋರಿಸಿದಳು. ನೋಡಬೇಕಿರಲಿಲ್ಲ. ಗೊತ್ತಿತ್ತು.

ಅತ್ತೆ ಸಿದ್ದಕ್ಕ ಬೀಸಣಿಗೆಯಲ್ಲಿ ನೊಣ ಓಡಿಸುತ್ತಿದ್ದರು. ಅವರ ಮುಂದೆಯೇ ಹೇಳಿದೆ. ನಾಲ್ಕನೇ ದಿನ. ಚೌಕಟ್ಟು. ಬಸ್ಸು. ಪೆಟ್ಟಿಗೆ ಯಾಕೆ ಮುಚ್ಚಿಸಿದೆ ಅನ್ನುವುದು.

ಬೀಸಣಿಗೆ ನಿಂತಿತು. ಪರಸಪ್ಪ ಎದ್ದು ಅಂಗಳಕ್ಕೆ ಹೋದ. ಅತ್ತೆ ಬೈಯಲಿಲ್ಲ. ಬೈದಿದ್ದರೆ...

ಆಮೇಲೆ ಅಂದರು: “ನಾಳಿಗೆ ನಾನೂ ಬರ್ತೇನಿ. ಹೋಗೂಣು. ಇಷ್ಟೂ ಆ ಡಾಕ್ಟರ್ ಮುಂದ ಹೇಳಬೇಕು ನೀ.”

೧೩-೧೧, ಗುರುವಾರ. ಹುಬ್ಬಳ್ಳಿ

ದೊಡ್ಡ ಡಾಕ್ಟರು ಸೋನುವಿನ ಬಾಯಿ ನೋಡಿ, “ಎಲ್ಲಾರಿಗೂ ಹುಣ್ಣು ಆಗತಾವ. ಕೆಲವರಿಗೆ ಕಡಿಮಿ, ಕೆಲವರಿಗೆ ಜಾಸ್ತಿ,” ಅಂದರು. ನಾನು ಹೇಳಿದೆ — ಇವಳ ಒಡಹುಟ್ಟಿದ ಅಕ್ಕ, ನನ್ನ ಹೆಂಡತಿ, ಇದೇ ಔಷಧ, ಹನ್ನೆರಡನೇ ದಿನ ತೀರಿಕೊಂಡಳು. ಅವರು ಕೇಸ್ ಪೇಪರ್ ತಿರುವಿದರು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಅನ್ನುವ ಕಡೆ ‘ಇಲ್ಲ’ ಅಂತ ಬರೆದಿದೆ.

ಸೋನು ಅವತ್ತೇ ಹೇಳಿದ್ದಳಂತೆ, ನನ್ನ ಅಕ್ಕ ಇಜಾಬೆಲ್ ಅಂತ. ಬರೆದುಕೊಳ್ಳುವವ ನಕ್ಕನಂತೆ. “ನೀ ಸೋನುಬಾಯಿ, ಆಕಿ ಇಜಾಬೆಲ್. ನೀವು ಸಿದ್ದಿ ಮಂದಿ ಕಂಡವರಿಗೆಲ್ಲಾ ಅಕ್ಕಾ ಅಂತೀರಿ.”

ಡಾಕ್ಟರೂ ಅದನ್ನೇ ಕೇಳಿದರು, ನಗದೆ. ಅವಳು ಹುಟ್ಟಿದಾಗ ಗಂಗೂ, ನನ್ನನ್ನು ಚರ್ಚಿನಲ್ಲಿ ಮದುವೆಯಾದ ಮೇಲೆ ಇಜಾಬೆಲ್. ನಮ್ಮವರಲ್ಲಿ ಇದು ಯಾರೂ ಕೇಳುವ ಸಂಗತಿಯೇ ಅಲ್ಲ.

ಸಿದ್ದಕ್ಕ ಮುಂದೆ ಬಂದರು. “ಸಾಹೇಬ್ರ, ದೇವರು ಬ್ಯಾರೆ ಆಗಿರಬಹುದು. ಹೊಟ್ಟಿ ಒಂದ. ಇದ ಹೊಟ್ಟಿ.” ಎಲ್ಲರೆದುರೂ ಸೀರೆಯ ಮೇಲೆ ಕೈಯಿಟ್ಟು ತೋರಿಸಿದರು.

ಇಂಜೆಕ್ಷನ್ ನಿಲ್ಲಿಸಿದರು. ಚಿಕ್ಕ ಡಾಕ್ಟರಮ್ಮ ಇಜಾಬೆಲ್ಲಳ ಹಳೇ ಪೇಪರ್ ಹುಡುಕಿಸಿ ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ ಕೂರಿಸಿ ಹೇಳಿದರು: ಔಷಧ ಮೈಯೊಳಗೆ ಒಡೆದು ಹೊರಗೆ ಹೋಗಬೇಕು. ಕೆಲವು ಮನೆತನದಲ್ಲಿ ಒಡೆಯುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇರಬಹುದು. ಬೇರೆಯವರಲ್ಲಿ ಬೇಗ ಹೋಗುವುದು ಇವರಲ್ಲಿ ಉಳಿದು ಸುಡುತ್ತದೆ. ಹೊರದೇಶದ ಡಾಕ್ಟರರು ಈಚೆಗೆ ಅಂಥದ್ದೊಂದು ಬರೆದಿದ್ದಾರೆ. ಇಲ್ಲಿ ಅದಕ್ಕೆ ಪರೀಕ್ಷೆ ಇಲ್ಲ.

“ಅಕ್ಕನ ವಿಷಯ ಮೊದಲ ಗೊತ್ತಾಗಿದ್ರ ಆ ಔಷಧ ಕೊಡ್ತಿರಲಿಲ್ಲ. ಮೂರನೇದ್ದು ಬಿಟ್ಟು ಉಳಿದದ್ದು ಕೊಡಬಹುದಿತ್ತು,” ಅಂದರು. ಅವರು ಆ ಬರೆದುಕೊಳ್ಳುವವನನ್ನು ಅಂದದ್ದು. ನನ್ನನ್ನಲ್ಲ.

ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಿವೆಯಂತೆ. ವಾರ್ಡಿಗೆ ಸೇರಿಸಿದ್ದಾರೆ.

೧೬-೧೧, ಭಾನುವಾರ

ಚರ್ಚಿಗೆ ಹೋಗಲಿಲ್ಲ. ವಾರ್ಡಿನಲ್ಲಿ ಸೋನುಗೆ ಜ್ವರ ನೂರಾ ನಾಲ್ಕು. ಕೂದಲು ದಿಂಬಿಗೆ ಬರುತ್ತಿದೆ. ಸಿದ್ದಕ್ಕ ಆಯ್ದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ.

ಸೋನು ಒಮ್ಮೆ ಕಣ್ಣು ಬಿಟ್ಟಳು. ಮಾತು ಸರಿ ಹೊರಡದು. “ಭಾವಜೀ... ಆ ಸೋಮವಾರ ನಾ ಕೇಳಿದಾಗ ನಿಮಗ ಗೊತ್ತಿತ್ತಲ್ಲಾ?”

“ಗೊತ್ತಿತ್ತು.”

“ಅನ್ನಾನೂ ಸರಿ ಮಾಡಾಕ ಬರೂದಿಲ್ಲ ನಿಮಗ,” ಅಂದಳು. ನಗಲು ಹೋಗಿ ತುಟಿ ಒಡೆದು ರಕ್ತ ಬಂತು. ನಾನು ಒರೆಸಿದೆ. ಬೇರೆ ಕಡೆ ನೋಡಲಿಲ್ಲ.

೧೮-೧೧

ಹನ್ನೆರಡು ದಿನ ಆಯಿತು. ಇದ್ದಾಳೆ.

೧೯-೧೧, ಬುಧವಾರ

ಬೆಳಗ್ಗೆ ಒಂಬತ್ತಕ್ಕೆ ಸೋನುಬಾಯಿ ತೀರಿಕೊಂಡಳು. ಪರಸಪ್ಪ ನನಗೆ ಅವಳನ್ನು ಮುಟ್ಟಲು ಬಿಡಲಿಲ್ಲ. ಹೆಣದ ತಲೆಯ ಕಡೆ ಅವನೂ ಅವನ ತಮ್ಮ ಉಳವಪ್ಪನೂ ಹಿಡಿದರು. ನಾನು ಹಿಂದೆ ನಡೆದೆ. ಮುಖ ಮುಚ್ಚಲು ಅತ್ತೆ ಬಿಡಲಿಲ್ಲ. ಎಲ್ಲಾರೂ ನೋಡಲಿ ಅಂದರು.

ಹೊರಡುವ ಮುಂಚೆ ಡಾಕ್ಟರಮ್ಮ ಕರೆದಿದ್ದರು. ನನ್ನ ಮಗಳು ಜುಲಿಯಾನಾ, ಸೋನುವಿನ ಮಗಳು ಸಣ್ಣ ನೀಲಾ — ಇಬ್ಬರಿಗೂ ಅದೇ ಗುಣ ಬಂದಿರಬಹುದು. ಬರದೆಯೂ ಇರಬಹುದು. ಮುಂದೆ ಎಂದಾದರೂ ಬೇಕಾದರೆ ಡಾಕ್ಟರಿಗೆ ತೋರಿಸಲು ಬರೆದಿಡಿ ಅಂದರು.

ಜುಲಿಯಾನಾಳದ್ದು ಬರೆದಾಯಿತು.

ಸಿದ್ದಕ್ಕ ಎದುರಿಗೇ ಕೂತಿದ್ದಾರೆ. ಓದಲು ಬರುವುದಿಲ್ಲ ಅವರಿಗೆ. “ನೀಲಾಂದು ಬರಿ,” ಅಂದರು. “ಬರದದ್ದು ನನಗ ಓದಿ ಹೇಳು. ಒಂದೂ ಬಿಡಬ್ಯಾಡ.”

ಬರೆಯುತ್ತಿದ್ದೇನೆ.

ಈ ಹುಡುಗಿಯ ತಾಯಿ ಸೋನುಬಾಯಿ, ದೊಡ್ಡಮ್ಮ ಇಜಾಬೆಲ್ ಉರ್ಫ್ ಗಂಗೂ. ಒಂದೇ ತಾಯಿಯ ಮಕ್ಕಳು. ಇಬ್ಬರೂ ಫ್ಲೋರೋಯುರಾಸಿಲ್ ಆಗಿಬರದೆ ಸತ್ತರು. ಎರಡನೆಯವಳಿಗೆ ಕೊಡುವ ಮೂರು ದಿನ ಮೊದಲೇ ಇದು ಗೊತ್ತಿದ್ದು, ಹೇಳದೆ ಇದ್ದವನು