ಹೇಡಿಯ ಪಾತ್ರಕ್ಕೆ ಒಂದು ಸಹಿ

ಅಕ್ಟೋಬರ್ 25, ಶುಕ್ರವಾರ

ಪೂಜೆ ಮುಗಿಸಿ ಚರ್ಚ್ ಹಾಲ್‌ಗೆ. ಚಾ, ಸಮೋಸ, ಪಾತ್ರ ಹಂಚಿಕೆ — ಅದೇ ಕ್ರಮದಲ್ಲಿ. ಸಮೋಸ ಎರಡು ಸಿಕ್ಕಿತು. ಪಾತ್ರ ಸಿಗದಿದ್ದರೆ ಚೆನ್ನಾಗಿತ್ತು.

ಅಪೊಲೊನಿಯಾ ಬಾಯಿಯದೇ ನಾಟಕ, ಅವರದೇ ನಿರ್ದೇಶನ. ರೋಮಿನ ಆದಿ ಕ್ರೈಸ್ತರ ಕಥೆ. ಚಕ್ರವರ್ತಿಯ ಆಜ್ಞೆ: ರೋಮಿನ ದೇವರ ಮುಂದೆ ಚಿಟಿಕೆ ಸಾಂಬ್ರಾಣಿ ಹಾಕಿ, ‘ಹಾಕಿದ್ದೇನೆ’ ಅಂತ ಸರ್ಟಿಫಿಕೇಟಿಗೆ ಸೈನ್ ಮಾಡಬೇಕು. ಮಾಡಿದವರಿಗೆ ಮನೆ, ಮಾಡದವರಿಗೆ ಸಿಂಹ. ಸಹಿಯಾದರೆ ಸಿಹಿ, ಇಲ್ಲವಾದರೆ ಸಿಂಹಿ. ಭಾಷೆ ಕನ್ನಡ. ಕೊಂಕಣಿಯಲ್ಲಿ ಬರೆದರೆ ಊರಿಗೊಬ್ಬರು ತಿದ್ದುತ್ತಾರಂತೆ.

ನನ್ನ ಹೆಂಡತಿ ಡೆಬೊರಾ ಹುತಾತ್ಮೆ. ನಮ್ಮ ಚರ್ಚಿನ ಕ್ಲಾರೆನ್ಸ್ ರಟ್ಟಿನ ಮುಖವಾಡದ ಸಿಂಹ. ನಾನು ಸೈನ್ ಮಾಡಿ ಜೀವ ಉಳಿಸಿಕೊಳ್ಳುವ ಹೇಡಿ.

“ನಾನೇ ಯಾಕೆ ಬಾಯಿ?”

“ಮುಖ ಸೂಟ್ ಆಗ್ತದೆ ಪುತಾ. ಮೇಕಪ್ಪೂ ಬೇಡ.”

ಡೆಬೊರಾ ನಕ್ಕಳು. ಹುತಾತ್ಮರ ನಗು ಅಲ್ಲ ಅದು.

ಸರ್ಟಿಫಿಕೇಟ್ ತರುವ ಕೆಲಸವೂ ನನ್ನದೇ. ನಾನು ಇಲ್ಲಿ ಗಲ್ಫ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್, ಆಫೀಸಿನಲ್ಲಿ ಹಳೆಯ ಖಾಲಿ ಇನ್‌ಸ್ಪೆಕ್ಷನ್ ಫಾರ್ಮ್ ರಾಶಿ ಬಿದ್ದಿದೆ. ದೂರದಿಂದ ಲ್ಯಾಟಿನ್ ಥರ ಕಾಣುತ್ತದೆ. ಹತ್ತಿರದಿಂದಲೂ ಯಾರೂ ಓದಿದ್ದಿಲ್ಲ.

ಅಕ್ಟೋಬರ್ 29, ಮಂಗಳವಾರ. ಅಲ್ ಕೂಜ್

ನಮ್ಮ ಕಂಪನಿಯ ಲೇಬರ್ ಕ್ಯಾಂಪ್ ಇನ್‌ಸ್ಪೆಕ್ಷನ್. ಎಲ್ಲ ಓಕೆ — ಹಿಂದಿನ ಎಮರ್ಜೆನ್ಸಿ ಬಾಗಿಲೊಂದು ಬಿಟ್ಟು. ಹೊರಗಿಂದ ಅದಕ್ಕೆ ಒತ್ತಿ ಗೋದಾಮಿನ ವಾಟರ್ ಹೀಟರ್ ಬಾಕ್ಸುಗಳು, ಆಳೆತ್ತರಕ್ಕೆ. ಒಳಗೆ ನಲವತ್ತು ಜನ ಮಲಗುತ್ತಾರೆ. ಬೆಂಕಿ ಬಿದ್ದರೆ... ಬರೆಯುವುದು ಬೇಡ.

ಕೊನೇ ರೂಮಿನ ಕಾಸಿಂ ಬಂಟ್ವಾಳದವ. “ಸಾರ್, ಉಪವಾಸದ ತಿಂಗಳಿಂದ ಇದು ಓಪನ್ ಆಗ್ಲೇ ಇಲ್ಲ.”

ಮ್ಯಾನೇಜರ್ ಶಿವಪ್ರಸಾದ ಬಾಗಲಕೋಟೆ ಕಡೆಯವರು. ಫಾರ್ಮ್ ತಾವೇ ತುಂಬಿ ಇಟ್ಟಿದ್ದರು. ‘ಬಾಗಿಲು: ತೆರೆದಿದೆ.’ ನನ್ನ ಸೈನ್ ಒಂದು ಬಾಕಿ.

“ಏನ್ರೀ ಫೆಲಿಕ್ಸ್, ಒಂದ್ ಸೈನ್ ಮಾಡಾಕ ಎಷ್ಟ್ ವಿಚಾರ ಮಾಡ್ತೀರಿ! ಬಾಕ್ಸ್ ಮುಂದಿನ ತಿಂಗಳ ತಗಸ್ತೀನಿ. ನಿಮ್ಮ ವೀಸಾನೂ ಡಿಸೆಂಬರ್‌ನಾಗ ರಿನ್ಯೂ ಅಲ್ರೀ?”

ಆ ‘ಅಲ್ರೀ’ ಎಷ್ಟು ಮೃದು! ರೋಮಿನಲ್ಲೂ ಹೀಗೇ ಕೇಳಿದ್ದರೋ ಏನೋ.

ನಾಳೆ ಅಂದೆ. ಫಾರ್ಮ್ ಬ್ಯಾಗಿಗೆ ತುರುಕಿದೆ.

ನವೆಂಬರ್ 1, ಶುಕ್ರವಾರ

ರಿಹರ್ಸಲ್. ರೋಮನ್ ಅಧಿಕಾರಿಯ ಪಾತ್ರ ಬಾಯಿಯದೇ. ಮೂವತ್ತು ವರ್ಷ ಹೆಡ್ ನರ್ಸ್ ಆಗಿದ್ದ ಕಂಠ, ಬೇರೆ ಯಾರಿಗಿದೆ? ‘ಮುಂದಿನ ಕೈದಿ’ ಅನ್ನುವಲ್ಲಿ ಮಾತ್ರ ಪ್ರತಿಸಲ “ನೆಕ್ಸ್ಟ್ ಪೇಶೆಂಟ್!” ಬರುತ್ತದೆ. ಪೇಶೆಂಟುಗಳೂ ಅಭ್ಯಾಸಬಲದಿಂದ ನಾಲಿಗೆ ಚಾಚುತ್ತಾರೆ.

ನಾನು ಮೊದಲ ಫಾರ್ಮಿನ ಮೂಲೆಯಲ್ಲಿ ಸುಮ್ಮನೆ ಗೀಚಿದೆ. ಬಾಯಿಗೆ ಸಿಟ್ಟು. “ಗೀಚಬೇಡ! ಪೂರ್ತಿ ಸೈನ್ ಹಾಕು. ಹೇಡಿತನದಲ್ಲಾದರೂ ಪ್ರಾಮಾಣಿಕತೆ ಬೇಡವಾ?”

ಒಂಬತ್ತು ಸಲ ಮಾಡಿಸಿದರು. ಒಂಬತ್ತು ಫಾರ್ಮ್, ಒಂಬತ್ತು ಪ್ರಾಮಾಣಿಕ ಸೈನ್. ಡೆಬೊರಾ ಒಂದೇ ಟೇಕ್‌ನಲ್ಲಿ ಸತ್ತಳು.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಬ್ಯಾಗಿನ ಕಾಗದವೆಲ್ಲ ಟೇಬಲ್ ಮೇಲೆ ಸುರಿದು ಟೀ ತರಲು ಹೋದೆ. ಬರುವಷ್ಟರಲ್ಲಿ ಶಿವಪ್ರಸಾದರ ಕೈಯಲ್ಲಿ ಒಂದು ಫಾರ್ಮ್.

“ಛಲೋ ಆತು ನೋಡ್ರಿ! ಸುಮ್ನ ಸತಾಯಿಸಿದ್ರಿ.”

ದೇವರೇ. ತಂದಿದ್ದ ಖಾಲಿ ಫಾರ್ಮ್ ಎಂಟೇ. ಒಂಬತ್ತನೆಯದು ಅಸಲಿ. ಹೇಡಿ ಅದಕ್ಕೂ ಸೈನ್ ಹಾಕಿದ್ದಾನೆ — ಪೂರ್ತಿ, ಸ್ಪಷ್ಟ, ನಿರ್ದೇಶಕರು ಹೇಳಿದ ಹಾಗೆ.

ಟೀ ಅವರ ಮುಂದಿಟ್ಟೆ. ಫಾರ್ಮ್ ವಾಪಸ್ ಕೇಳಲಿಲ್ಲ. ಮಧ್ಯಾಹ್ನದೊಳಗೆ ಫಾರ್ಮ್ ಅಬುಧಾಬಿ ಹೆಡ್ ಆಫೀಸಿಗೆ.

ನಿಜ ಬರೆಯಬೇಕಾದರೆ ಹಾಯೆನಿಸಿತು. ಸೈನ್ ಮಾಡಿದ್ದು ನಾನಲ್ಲ, ನನ್ನ ಪಾತ್ರ. ಪಾಪ ಅವನದು, ವೀಸಾ ನನ್ನದು.

ನವೆಂಬರ್ 8, ಶುಕ್ರವಾರ

ಮತ್ತೆ ರಿಹರ್ಸಲ್. ಪ್ರತಿ ಫಾರ್ಮನ್ನೂ ಎರಡೆರಡು ಸಲ ಓದಿ ಸೈನ್ ಹಾಕಿದೆ. ಬಾಯಿಗೆ ಖುಷಿಯೋ ಖುಷಿ. “ನೋಡಿ, ಆಕ್ಟಿಂಗ್ ಅಂದ್ರೆ ಇದು!”

ಡೆಬೊರಾ ಕಾರಿನಲ್ಲಿ: “ಎಂತದು ನಿಮ್ಮದು? ನಿಮಗೆ ಆಕ್ಟಿಂಗ್ ಬರುವುದಿಲ್ಲ.”

ಹೇಳಿಬಿಟ್ಟೆ. ಅಲ್ ಬರ್ಷಾದ ನಮ್ಮ ಫ್ಲಾಟಿನ ಲಿಫ್ಟಿನಲ್ಲಿ ಅವಳದು ಒಂದೇ ಮಾತು: “ನನ್ನ ಸಿಂಹ ರಟ್ಟಿನದು. ಆ ನಲವತ್ತು ಜನರದು?”

ನವೆಂಬರ್ 17, ಭಾನುವಾರ

ಒಂಬತ್ತು ದಿನ ಬರೆದಿಲ್ಲ. ಬರೆಯಲು ಹೆದರಿದೆ, ಕೊನೆಗೆ ಸೈನ್ ಮಾಡಬೇಕಾದೀತು ಅಂತ.

ನಿನ್ನೆ ಕಾಸಿಂ ಫೋನ್. “ಸಾರ್, ನೀವು ಸೈನ್ ಹಾಕಿದ್ದೀರಂತೆ. ಹಾಗಾದ್ರೆ ಬಾಗಿಲು ಓಪನ್ ಆಗುದು ಗ್ಯಾರಂಟಿ ಅಂತ ಎಲ್ಲರಿಗೆ ಹೇಳಿದೆ. ಯಾವತ್ತು ಸಾರ್?”

ಅವನು ವ್ಯಂಗ್ಯ ಮಾಡಿದ್ದರೆ ಬಚಾವ್ ಆಗುತ್ತಿದ್ದೆ. ಅವನು ಥ್ಯಾಂಕ್ಸ್ ಹೇಳಿದ.

ನವೆಂಬರ್ 20, ಬುಧವಾರ. ಅಬುಧಾಬಿ ಬಸ್ಸಿನಲ್ಲಿ, ವಾಪಸ್

ರಜೆ ಹಾಕಿ ಖಾಲಿದಿಯಾದ ಹೆಡ್ ಆಫೀಸಿಗೆ ಹೋಗಿದ್ದೆ. ಅಲ್ಲಿ ಫೈಲು ನೋಡಿಕೊಳ್ಳುವವಳು ಜಸೀನಾ, ಕಾಸರಗೋಡಿನವಳು.

“ಈ ಸೈನ್ ವಾಪಸ್ ಬೇಕು. ಇದು ನಾಟಕದ್ದು.”

“ಸೈನ್ ನಿಮ್ಮದೇ ಅಲ್ವಾ?”

“ಕೈ ನನ್ನದು. ಮನುಷ್ಯ ಮೂರನೇ ಶತಮಾನದವ.”

ಅವಳು ನಕ್ಕಳು. ಆಮೇಲೆ ಆವತ್ತು ಕ್ಯಾಂಪಿನಲ್ಲಿ ತೆಗೆದಿದ್ದ ಬಾಗಿಲಿನ ಫೋಟೋ ತೋರಿಸಿದೆ. ನಗು ನಿಂತಿತು. ಡ್ರಾಯರಿನಿಂದ ಇನ್ನೊಂದು ಫಾರ್ಮ್: ‘ಹಿಂದಿನ ಸಹಿ ರದ್ದು, ಕಾರಣ ಬರೆಯಿರಿ.’ ಸೈನ್ ತೆಗೆಯಲೂ ಸೈನ್!

“ಕಾಪಿ ನಿಮ್ಮ ಮ್ಯಾನೇಜರ್‌ಗೆ ಹೋಗ್ತದೆ. ಯೋಚನೆ ಮಾಡಿ.”

ವೀಸಾ ನೆನಪಾಯಿತು, ಫ್ಲಾಟಿನ ಬಾಡಿಗೆ ನೆನಪಾಯಿತು. ಸಂತರ ಹೆಸರು ಒಂದೂ ನೆನಪಾಗಲಿಲ್ಲ. ಕಾಸಿಂನ ‘ಯಾವತ್ತು ಸಾರ್’ ಮಾತ್ರ. ಸೈನ್ ಹಾಕಿದೆ. ಅದನ್ನು ಎರಡೆರಡು ಸಲ ಓದಿದ ರೀತಿ ನೋಡಿದ್ದರೆ ಬಾಯಿ ಚಪ್ಪಾಳೆ ತಟ್ಟುತ್ತಿದ್ದರು.

ಬಸ್ಸು ಹತ್ತುವ ಮೊದಲೇ ಶಿವಪ್ರಸಾದರ ಮೆಸೇಜ್: ‘ಶುಕ್ರವಾರ ಮುಂಜಾನೆ ಎಂಟು. ಕ್ಯಾಂಪ್. ಪಾಸ್‌ಪೋರ್ಟ್ ಕಾಪಿ ತರ್ರಿ.’

ಸಿಂಹ ಕನ್ನಡದಲ್ಲೇ ಗರ್ಜಿಸಿತು.

ನವೆಂಬರ್ 22, ಶುಕ್ರವಾರ, ಬೆಳಿಗ್ಗೆ 7:50. ಅಲ್ ಕೂಜ್, ಕಾರಿನೊಳಗೆ

ಡೆಬೊರಾ ಹಣೆಗೆ ಶಿಲುಬೆ ಗುರುತು ಹಾಕಿ, ಕೈಗೆ ನೀರುದೋಸೆಯ ಡಬ್ಬಿ ಕೊಟ್ಟು ಕಳಿಸಿದ್ದಾಳೆ. ಹುತಾತ್ಮರಿಗೆ ಟಿಫಿನ್ ಇತ್ತೆಂದು ಬಾಯಿಯ ಸ್ಕ್ರಿಪ್ಟಿನಲ್ಲಿ ಇಲ್ಲ. ಸಂಜೆ ಏಳಕ್ಕೆ ನಾಟಕ. ಕೆಲಸ ಇದ್ದರೂ ಹೋದರೂ ಆಗ ಹೇಡಿಯಾಗಲೇಬೇಕು. ಬದಲಿ ನಟ ಇಲ್ಲವಂತೆ.

7:55. ಇದೇನು! ಶಿವಪ್ರಸಾದ. ಟೈ ಹೆಗಲ ಹಿಂದೆ, ಎದೆಗೆ ಅಪ್ಪಿದ ವಾಟರ್ ಹೀಟರ್ ಬಾಕ್ಸ್. ಗೇಟಿನವ ಹೇಳಿದ, ಒಂಬತ್ತಕ್ಕೆ ಹೆಡ್ ಆಫೀಸಿನವರು ಬಾಗಿಲು ನೋಡಲು ಬರುತ್ತಾರಂತೆ. ಲೋಡಿಂಗ್‌ನವರಿಗೆ ಇವತ್ತು ಆಫ್.

ಕಿಟಕಿ ತಟ್ಟಿದರು.

“ಹೊರಗ ಕುಂತು ಏನ್ ಬರೀಲಿಕ್ಕತ್ತೀರಿ? ನೀವು ಹಚ್ಚಿದ್ದ ಬೆಂಕಿ ಇದು. ಬರ್ರಿ, ಹಿಡೀರಿ!”

“ಸರ್, ವೀಸಾ...?”

“ಮೊದಲ ಬಾಗಲಾ!”

ಸಿಟ್ಟೋ, ಉಬ್ಬಸವೋ, ತಿಳಿಯಲಿಲ್ಲ. ಕೊನೆಯ ಸಾಲಿನ ಬಾಕ್ಸುಗಳಷ್ಟೇ ಬಾಕಿ. ಬಾಗಿಲು ಅಲುಗಾಡುತ್ತಿದೆ. ಒಳಗಿಂದ ಕಾಸಿಂ ತಳ್ಳುತ್ತಿದ್ದಾನೆ, “ಯಲ್ಲಾ ಸಾರ್, ಆ ಕಡೆಯಿಂದ ಎಳೀರಿ” ಅನ್ನುತ್ತಿದ್ದಾನೆ. ಎರಡು ಕೈಯೂ ಬೇಕಂತೆ. ಪೆನ್ನು ಕೆಳಗೆ —