ಕಾರ್ವರ್ ಎತ್ತಿಕೊಂಡ ಟೋಪಿ

ಎಲ್ಬರಿ, ಜಾರ್ಜಿಯಾ
ಡಿಸೆಂಬರ್ ಮೊದಲ ಬುಧವಾರ, ಸಂಜೆ

ನನ್ನ ಮುದ್ದು ಇಮಾನಿ,

ನಿನ್ನ ಕಾಗದ ಸೋಮವಾರವೇ ಕೈಸೇರಿತು. ತರಬೇತಿ ಮುಗಿಯುವ ತನಕ ಹುಡುಗಿಯರ ಫೋನು ಕಿತ್ತಿಟ್ಟುಕೊಳ್ಳುತ್ತಾರೆ ಎಂದು ತಿಳಿದಾಗ ಸೈನ್ಯದವರನ್ನು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಬೈಗುಳ ವಾಪಸ್ ತೆಗೆದುಕೊಂಡಿದ್ದೇನೆ. ಹುಟ್ಟಿದಾಗಿನಿಂದ ನನಗೆ ನಾಲ್ಕು ಸಾಲು ಬರೆಯದವಳ ಕೈಯಲ್ಲಿ ಅವರು ಎರಡು ಹಾಳೆ ಬರೆಸಿದ್ದಾರಲ್ಲ! ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಅದು ಬೇರೆ ಮಾತು.

ಎರಡು ಹಾಳೆಯಲ್ಲೂ ಒಂದೇ ಪ್ರಶ್ನೆ ಕೇಳಿದ್ದೀಯ, ಕಾರ್ವರ್‌ನ ತಲೆ ಹೇಗಿದೆ ಅಂತ. ಅವನ ತಲೆ ಅವನ ಕತ್ತಿನ ಮೇಲೇ ಇದೆ ಮಗಳೇ. ಮೊದಲು ಇವತ್ತಿನ ಸಂಭ್ರಮ ಹೇಳಿಬಿಡುತ್ತೇನೆ, ಆಮೇಲೆ ನಿನ್ನ ವಿಚಾರಣೆಗೆ ಉತ್ತರ.

ಇವತ್ತು ನಿನ್ನ ತಮ್ಮ ಫುಟ್‌ಬಾಲ್ ಆಡಲು ಕಾಲೇಜಿಗೆ ಸಹಿ ಹಾಕಿದ. ಶಾಲೆಯ ಜಿಮ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಯಾಂಡಿನ ಹುಡುಗರು, ಪಾದ್ರಿಗಳು, ಚರ್ಚಿನ ಹೆಂಗಸರು, ಇಷ್ಟು ವರ್ಷ ನಮ್ಮ ಕಡೆ ಕಣ್ಣೆತ್ತಿಯೂ ನೋಡದಿದ್ದ ಬ್ಯಾಂಕಿನವರು, ಎಲ್ಲರೂ ಬಂದಿದ್ದರು. ಮೇಜಿನ ಮೇಲೆ ಎರಡು ಟೋಪಿ ಇಟ್ಟಿದ್ದರು, ಎರಡು ಕಾಲೇಜಿನವು, ಒಂದು ಕೆಂಪು, ಒಂದು ನೀಲಿ. ನಮ್ಮೂರ ಹುಡುಗರ ನಾಟಕ ನಿನಗೆ ಗೊತ್ತೇ ಇದೆ. ಬೇಡದ ಟೋಪಿಯನ್ನು ಮೊದಲು ಎತ್ತಿ, ಜನ ಹೋ ಎನ್ನುವ ಹೊತ್ತಿಗೆ ಅದನ್ನು ಬಿಸಾಕಿ, ಬೇಕಾದ್ದನ್ನು ಹಾಕಿಕೊಳ್ಳುವುದು. ಕಾರ್ವರ್ ಕೆಂಪು ಎತ್ತಿದ. ಜನ ಉಸಿರು ಬಿಗಿಹಿಡಿದರು. ಆಮೇಲೆ ಅದನ್ನು ತೆಗೆದಿಟ್ಟು ನೀಲಿ ಹಾಕಿಕೊಂಡ. ಆ ಚಪ್ಪಾಳೆ ನಿನ್ನ ಬ್ಯಾರಕ್ಕಿಗೂ ಕೇಳಿಸಿರಬೇಕು. ಪೆಲ್ ಸಾಹೇಬರು ನನ್ನ ಕಡೆ ಬಾಗಿ, "ಏನ್ ಆಕ್ಟಿಂಗಮ್ಮ ನಿಮ್ ಹುಡ್ಗಂದು! ನಮ್ ಜಾಹೀರಾತಿಗೆ ಹೇಳಿ ಮಾಡ್ಸಿದಂಗಿದಾನೆ" ಅಂದರು.

ಈ ಪೆಲ್ ಯಾರು ಅಂತ ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನೀನು ಹೋದ ಮೇಲೆ ಬಂದವರು. ಹೆದ್ದಾರಿಯಲ್ಲಿ ಪಿಕಪ್ ಟ್ರಕ್ ಮಾರುವ ಅಂಗಡಿ ಇಟ್ಟಿದ್ದಾರೆ, ನೀಲಿ ಕಾಲೇಜಿನ ಅಭಿಮಾನಿ ಶ್ರೀಮಂತರ ಕೂಟಕ್ಕೆ ಹುಡುಗರನ್ನು ಹುಡುಕಿಕೊಡುತ್ತಾರೆ. ಹಿಂದೆ ಆಟದ ಹುಡುಗನಿಗೆ ಯಾರಾದರೂ ಒಂದು ಬರ್ಗರ್ ಕೊಡಿಸಿದರೂ ದೊಡ್ಡ ರಾದ್ಧಾಂತವಾಗುತ್ತಿತ್ತಲ್ಲ? ಈಗ ಹುಡುಗರು ತಮ್ಮ ಹೆಸರನ್ನೂ ಮುಖವನ್ನೂ ಜಾಹೀರಾತಿಗೆ ಮಾರಿಕೊಳ್ಳಬಹುದು. ಅದರಲ್ಲಿ ನನಗೆ ತಕರಾರಿಲ್ಲ. ಇಷ್ಟು ವರ್ಷ ನಮ್ಮ ಮಕ್ಕಳ ಮೂಳೆ ಮುರಿಸಿ ಕ್ರೀಡಾಂಗಣ ಕಟ್ಟಿಕೊಂಡವರು ಒಂದು ಕಾಸನ್ನೂ ಬಿಚ್ಚಿರಲಿಲ್ಲ. ಕೊಡಲಿ, ಕೈ ತುಂಬ ಕೊಡಲಿ.

ಅಂದಹಾಗೆ ನಾವು ಮನೆ ಬದಲಾಯಿಸಿದ್ದೇವೆ. ಡಿಪೋ ಬೀದಿಯ ಮನೆಗೆ ಬೇರೆಯವರು ಬಂದಿದ್ದಾರೆ. ನಿನ್ನ ಕಾಗದವನ್ನು ಅಂಚೆಯವನು ಅಲ್ಲಿಂದ ಇಲ್ಲಿಗೆ ತಂದುಕೊಟ್ಟ. ಇದು ಪೆಲ್ ಸಾಹೇಬರ ಮನೆ, ಇಟ್ಟಿಗೆಯದು, ಬಚ್ಚಲಿನಲ್ಲಿ ಬಿಸಿನೀರು ಕೇಳಿದ ಕೂಡಲೇ ಬರುತ್ತದೆ. ಕಾರ್ವರ್‌ಗೆ ಓಡಿಸಲು ಒಂದು ಟ್ರಕ್ಕೂ ಕೊಟ್ಟಿದ್ದಾರೆ. ಶಾಲೆಯ ಊಟದ ಮನೆಯ ಕೆಲಸ ಬಿಟ್ಟೆ. "ಇಂಥ ಹುಡ್ಗನ ತಾಯಿ ತಲೆಗೆ ಬಲೆ ಕಟ್ಕೊಂಡು ಬೀನ್ಸ್ ಬಡಿಸ್ತಿದ್ರೆ ಫೋಟೊ ಚೆನ್ನಾಗ್ ಬರಲ್ಲಮ್ಮ" ಅಂದರು. ನಾನು ನಕ್ಕೆ. ಮಾರನೆಯ ವಾರವೇ ನನ್ನ ಜಾಗಕ್ಕೆ ಬೇರೆಯವಳು ಬಂದಳು. ಆಮೇಲೆ ನಗು ಬರಲಿಲ್ಲ.

ಈಗ ತಲೆಯ ವಿಷಯ. ನೀನು ಸೈನ್ಯಕ್ಕೆ ಹೊರಡುವ ಮುಂಚಿನ ಆಟದಲ್ಲಿ ಅವನು ಚೆಂಡು ಅವುಚಿಕೊಂಡು ಓಡುವಾಗ ಇಬ್ಬರು ಎರಡು ಕಡೆಯಿಂದ ಬಂದು ಗುದ್ದಿದ್ದನ್ನು ನಾವಿಬ್ಬರೂ ಜೊತೆಗೇ ಕೂತು ನೋಡಿದೆವು. ಎದ್ದವನು ಎದುರಾಳಿಗಳ ಗುಂಪಿಗೆ ಹೋಗಿ ನಿಂತಿದ್ದನ್ನೂ ನೋಡಿದೆವು. ಆ ವಾರವೇ ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಮಾಡಿದರು. ಆಗಸ್ಟ್‌ನಲ್ಲಿ, ಪೆಟ್ಟು ಬೀಳುವ ಮುಂಚೆ, ಮಾಡಿದ್ದ ಅದೇ ಪರೀಕ್ಷೆ. ಅಂಕ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಬಂತು. "ನೋಡಮ್ಮ, ಕಲ್ಲಿನ ತಲೆ ನಿಮ್ ಮಗಂದು!" ಎಂದು ಶಾಲೆಯ ಕೋಚ್ ಬೆನ್ನು ತಟ್ಟಿ ಕಳಿಸಿದರು.

ಅಂಕ ಯಾಕೆ ಇಳಿಯಲಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು, ಕೋಚ್‌ಗೂ ಗೊತ್ತು. ಆಗಸ್ಟ್‌ನಲ್ಲಿ ಹುಡುಗರೆಲ್ಲ ಬೇಕೆಂದೇ ತಪ್ಪು ಉತ್ತರ ಒತ್ತಿ ಬರುತ್ತಾರೆ. ಮುಂದೆ ಪೆಟ್ಟು ಬಿದ್ದರೂ ಆಟ ತಪ್ಪದಿರಲಿ ಅಂತ. ಊಟದ ಮನೆಯಲ್ಲಿ ಬಡಿಸುವಾಗ ಅವರು ಅದನ್ನೇ ಹೇಳಿಕೊಂಡು ನಗುವುದನ್ನು ಕೇಳಿ ನಾನೂ ನಕ್ಕವಳೇ. ಒಬ್ಬ ತಾಯಿಯೂ ಎದ್ದು ಹೋಗಿ ಹೇಳಿಲ್ಲ.

ತಲೆನೋವು ಕಡಿಮೆಯಾಗಿದೆ. ಬೆಳಕು ಚುಚ್ಚುತ್ತದೆ ಎಂದು ಹಗಲಲ್ಲಿ ಪರದೆ ಎಳೆದುಕೊಂಡು ಕೂರುತ್ತಾನೆ, ಅಷ್ಟೆ. ಥ್ಯಾಂಕ್ಸ್‌ಗಿವಿಂಗ್ ದಿನ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳಲು ಎದ್ದವನು ಮುಂದಿನ ಸಾಲು ಸಿಗದೆ ನಡುವೆ ನಿಂತುಬಿಟ್ಟ. ತೊದಲು ಮಾತಾಡುತ್ತಿದ್ದಾಗಿನಿಂದ ಹೇಳುತ್ತಿರುವ ಪ್ರಾರ್ಥನೆ. ಟರ್ಕಿ ಕೋಳಿ ತಣ್ಣಗಾಗುತ್ತದೆ ಎಂದು ನಾನೇ ಆಮೆನ್ ಹೇಳಿ ಕೂರಿಸಿದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಕೋಚ್ ಏಮ್ಸ್ ನಿನಗೆ ನೆನಪಿರಬೇಕು, ಕೆಂಪು ಕಾಲೇಜಿನವರು. ಹೈಸ್ಕೂಲಿನ ಮೊದಲ ವರ್ಷದಿಂದ ಕಾರ್ವರ್‌ನ ಬೆನ್ನು ಹತ್ತಿದ್ದವರು. ನಮ್ಮ ಮುರುಕು ಸೋಫಾದ ಮೇಲೆ ಕೂತು, ನನ್ನ ಕೈಯ ಸೊಪ್ಪು, ಜೋಳದ ಬ್ರೆಡ್ಡು ಕೇಳಿ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಹಿಂದೆಲ್ಲ ಹಾಗೇ ಅಲ್ಲವೇ, ಕೋಚ್ ಮನೆಗೆ ಬಂದು ಉಣ್ಣಬೇಕು, ಉಣ್ಣುವ ರೀತಿ ನೋಡಿ ತಾಯಿ ಮಗನನ್ನು ಕಳಿಸಬೇಕು. ಪೆಲ್ ಸಾಹೇಬರು ಈ ತನಕ ನನ್ನ ಮನೆಯಲ್ಲಿ ಒಂದು ತುತ್ತು ಬಾಯಿಗಿಟ್ಟಿಲ್ಲ. ಪೀಚ್ ಹಣ್ಣಿನ ಕಾಬ್ಲರ್ ಸಿಹಿ ಮಾಡಿ ಮುಂದಿಟ್ಟರೆ ಅದರ ಫೋಟೊ ತೆಗೆಸಿದರು.

ಏಮ್ಸ್ ಹೋದ ತಿಂಗಳು ಈ ಇಟ್ಟಿಗೆ ಮನೆಗೂ ಬಂದಿದ್ದರು. ಕಾರ್ವರ್‌ನ ಜೊತೆ ಸ್ವಲ್ಪ ಹೊತ್ತು ಮಾತಾಡಿದವರು ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಅಮ್ಮಾ, ಅವ್ನು ನಮ್ಮಲ್ಲಿಗೆ ಬಂದ್ರೆ ಮೊದ್ಲು ನಮ್ ಡಾಕ್ಟ್ರು ತಲೆ ನೋಡ್ಬೇಕು. ಒಂದ್ ವರ್ಷ ಕೂರ್ಸಿ ಅಂದ್ರೆ ಕೂರ್ಲಿ. ಓದೂ ನಿಲ್ಲಲ್ಲ, ಊಟಾನೂ ನಿಲ್ಲಲ್ಲ. ಪೆಲ್ ಕೊಡೋವಷ್ಟು ದುಡ್ಡು ನಮ್ ಹತ್ರ ಇಲ್ಲ, ಸುಳ್ ಹೇಳಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗನ ತಲೆಗೆ ಏನಾಗಿದೆ ಅಂತ ಕೇಳಿದೆ. "ದಿನಾ ನೋಡೋರು ನೀವು. ನೀವೇ ಹೇಳ್ಬೇಕು" ಅಂದರು. ಅವರಿಗೆ ಕಾಫಿ ಕೂಡ ಕೊಡದೆ ಕಳಿಸಿದೆ, ಇಮಾನಿ. ನಮ್ಮ ಮನೆಯಿಂದ ಯಾರೂ ಹಾಗೆ ಹೋದವರಲ್ಲ.

ಪೆಲ್ ಸಾಹೇಬರ ಮಾತು ಬೇರೆ. ಜನವರಿಯಲ್ಲಿ ಕಾಲೇಜು ಸೇರಿದ ದಿನ ಮೊದಲ ಹಣ. ಅದಕ್ಕೆ ಮುಂಚೆ ಯಾವ ಡಾಕ್ಟರಾದರೂ ಇವನು ಆಡಬಾರದು ಎಂದರೆ ಮಾತು ಮುರಿದ ಹಾಗೆ. ಟ್ರಕ್ಕೂ ವಾಪಸ್, ಮನೆಯೂ ವಾಪಸ್. ಮುಂದಿನ ವಾರ ಶಾಲೆಯ ಫೈನಲ್ ಆಟವಿದೆ. ಅದರಲ್ಲಿ ಅವನು ಓಡಲೇಬೇಕಂತೆ, ಜಾಹೀರಾತಿನವರು ಕ್ಯಾಮೆರಾ ತರುತ್ತಾರಂತೆ. ಹೆದ್ದಾರಿಯ ಪಕ್ಕದ ಫಲಕದಲ್ಲಿ ಈಗಾಗಲೇ ನಿನ್ನ ತಮ್ಮನ ಮುಖ ಹಾಕಿದ್ದಾರೆ, ನಮ್ಮ ಹಳೇ ಮನೆಗಿಂತ ದೊಡ್ಡದು. ಅದರ ಕೆಳಗೆ ಹಾದುಹೋಗುವಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ.

ಆ ಮೇಜಿನ ಕಥೆಯನ್ನು ನಿನಗೆ ಸರಿಯಾಗಿ ಹೇಳಲಿಲ್ಲ. ಊರಿಗೆ ಹೇಳಿದ ಹಾಗೆ ನಿನಗೂ ಹೇಳಿದೆ. ಅವನು ಕೆಂಪು ಟೋಪಿಯನ್ನು ಎತ್ತಿದ್ದಷ್ಟೇ ಅಲ್ಲ, ತಲೆಗೆ ಹಾಕಿಕೊಂಡ. ಅಂಚನ್ನು ಎರಡೂ ಕೈಯಿಂದ ಸರಿಮಾಡಿಕೊಂಡು, ಕೆಲಸ ಮುಗಿಯಿತು ಎನ್ನುವ ಹಾಗೆ ನೆಮ್ಮದಿಯಾಗಿ ಕೂತ. ಜನ ಅವನು ಅದನ್ನು ಯಾವಾಗ ಎಸೆಯುತ್ತಾನೆ ಎಂದು ಕಾದರು. ಅವನು ಎಸೆಯಲಿಲ್ಲ. ಬ್ಯಾಂಡಿನ ಹುಡುಗನೊಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕ. ಆಗ ಕಾರ್ವರ್ ಜನರ ನಡುವೆ ನನ್ನನ್ನು ಹುಡುಕಿದ. ಆ ನೋಟದಲ್ಲಿ ತುಂಟತನವಿರಲಿಲ್ಲ ಮಗಳೇ. ಮೊದಲ ದಿನ ಶಾಲೆಯಲ್ಲಿ ಬಿಟ್ಟುಬಂದಾಗ ಕಿಟಕಿಯಿಂದ ಹೀಗೇ ನೋಡಿದ್ದ.

ನನ್ನ ಕತ್ತಿನಲ್ಲಿ ಪೆಲ್ ಸಾಹೇಬರು ಕೊಡಿಸಿದ ನೀಲಿ ಶಾಲು ಇತ್ತು. ನಾನು ಅದನ್ನು ಬೆರಳಿನಿಂದ ಮುಟ್ಟಿದೆ. ಅವನು ಶಾಲು ನೋಡಿದ, ಮೇಜು ನೋಡಿದ, ಕೆಂಪು ತೆಗೆದು ಮೆಲ್ಲಗೆ ಇಟ್ಟು ನೀಲಿ ಹಾಕಿಕೊಂಡ. ಜಿಮ್ಮಿಗೆ ಜಿಮ್ಮೇ ಎದ್ದು ಕುಣಿಯಿತು. ಇಷ್ಟು ಚೆಂದದ ನಾಟಕವನ್ನು ಎಲ್ಬರಿಯಲ್ಲಿ ಯಾರೂ ಮಾಡಿರಲಿಲ್ಲ ಎಂದು ಪಾದ್ರಿಗಳೂ ಹೇಳಿದರು.

ಮನೆಗೆ ಬರುವಾಗ ಅವನು ಕೇಳಿದ, "ಅಮ್ಮಾ, ಏಮ್ಸ್ ಸರ್ ಯಾಕ್ ಬಂದಿರ್ಲಿಲ್ಲ? ನಾನ್ ಅವ್ರ ಹತ್ರಾನೇ ಅಲ್ವಾ ಹೋಗೋದು?" ಅವನ ಮನಸ್ಸು ಕೆಂಪಿನ ಮೇಲಿತ್ತೋ, ತಿಂಗಳಿಂದ ನೀಲಿ, ನೀಲಿ ಎಂದು ಹೇಳಿಕೊಟ್ಟಿದ್ದು ಮರೆತೇ ಹೋಗಿತ್ತೋ, ನನಗೆ ತಿಳಿಯುತ್ತಿಲ್ಲ. ಕೇಳಲು ಧೈರ್ಯ ಬರಲಿಲ್ಲ. ರೇಡಿಯೋ ಹಾಕಿದೆ. ನನಗೆ ತುಂಬ ಭಯವಾಗುತ್ತಿದೆ ಇಮಾನಿ.

ಇರಲಿ. ನಾನು ಹೆದರುಪುಕ್ಕಲಿ ಎಂದು ನೀನು ಯಾವಾಗಲೂ ಹೇಳುತ್ತೀಯಲ್ಲ. ಪೆಲ್ ಸಾಹೇಬರೂ ಫೋಟೊದವನೂ ನೀಲಿ ಕೇಕು ಕತ್ತರಿಸಲು ಇನ್ನೇನು ಬರುತ್ತಾರೆ. ಕಾರ್ವರ್ ಮೂಲೆಯಂಗಡಿಯಿಂದ ಐಸ್ ತರಲು ಟ್ರಕ್ಕಿನಲ್ಲಿ ಹೋಗಿದ್ದಾನೆ, ಅವನು ಬರುವ ಮೊದಲು ಲಕೋಟೆ ಅಂಟಿಸಬೇಕು. ಕಾಲಿಗೆ ಬೊಬ್ಬೆ ಬಂದಿದ್ದರೆ ಒಡೆಯಬೇಡ. ಹೊಟ್ಟೆ ತುಂಬ ತಿನ್ನು. ನಮ್ಮಿಬ್ಬರಿಗಾಗಿ ಪ್ರಾರ್ಥಿಸು, ಅವನಿಗಾಗಿ ಸ್ವಲ್ಪ ಹೆಚ್ಚು.

ನಿನ್ನನ್ನು ದಿನಾ ನೆನೆಯುವ,
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅವನ ಫೋನು ಬಂತು. ಡಿಪೋ ಬೀದಿಯ ಮನೆಯ ಮುಂದೆ ನಿಂತಿದ್ದಾನೆ. "ಅಮ್ಮಾ, ಬೀಗ ಯಾಕ್ ಬದಲಾಯ್ಸಿದೀಯಾ? ಒಳಗೆ ಯಾರೋ ಕೂಗಾಡ್ತಿದಾರೆ. ಅಕ್ಕನ್ನ ಕರಿ, ಅವ್ಳು ಬಾಗ್ಲು ತೆಗೀತಾಳೆ" ಅಂದ. ಬಾಗಿಲು ತಟ್ಟಬೇಡ, ಟ್ರಕ್ಕಿನಲ್ಲಿ ಕೂತು ಬಾಗಿಲು ಹಾಕಿಕೋ, ನಾನು ಬರುವ ತನಕ ಇಳಿಯಬೇಡ ಎಂದು ಹೇಳಿದ್ದೇನೆ. ಈಗ ಓಡುತ್ತಿದ್ದೇನೆ. ನೀನು ಇದನ್ನು ಓದಿ ಹರಿದು ಹಾಕು. ಏಮ್ಸ್‌ಗೆ ಬರೆಯಬೇಡ, ಯಾವ ಡಾಕ್ಟರಿಗೂ ಹೇಳಬೇಡ. ಇನ್ನು ಒಂದೇ ಆಟ ಅಲ್ಲವೇ ಇಮಾನಿ, ಒಂದೇ. ಜನವರಿ ಬಂದುಬಿಡಲಿ, ನಾನೇ ಎಲ್ಲರಿಗೂ ಹೇಳುತ್ತೇನೆ.